ನನ್ನ ಕುಬಸದ ಸೆಫ್ಫಾ

ನನ್ನ ಗಂಡ ಈ ಕಥೆಯನ್ನು ಈಗಲೂ ನಗುನಗುತ್ತ ಹೇಳುತ್ತಾನೆ. ಎದುರಿಗೆ 'ರೀ' ಎನ್ನುತ್ತೇನೆ, ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಕೈ ಬರುವುದಿಲ್ಲ. ಅಮೆರಿಕದ ಮನ್ರೋ ಎಂಬ ಊರಿನಲ್ಲಿ ಮನೆ ತೆಗೆದುಕೊಂಡ ಮೇಲಂತೂ ಹಿತ್ತಿಲ ಡೆಕ್ಕಿನ ಮೇಲೆ ನಾಲ್ಕು ಜನ ಕನ್ನಡದವರು ಸೇರಿದರೆ ಸಾಕು, ಇವನದು ಶುರು. ಒಂದು ದೊಡ್ಡ ತಟ್ಟೆ, ಅದರ ಮೇಲೊಂದು ಸಿಹಿ ಗುಡ್ಡ, ಕೈಯಲ್ಲಿ ಸೌಟು ಹಿಡಿದ ಇವನು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತೇನೆ. ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಲ್ಲಿ ನಾನಿಲ್ಲ, ಆ ಗುಡ್ಡ ಮಾಡಿದವಳೂ ಇಲ್ಲ.

ಜಗತ್ತಿನ ಕಂಪ್ಯೂಟರುಗಳೆಲ್ಲ ಎರಡು ಸಾವಿರನೇ ಇಸವಿಗೆ ಹೆದರಿ ಕೂತಿದ್ದ ಕಾಲ ಅದು. ಹೆದರಿಕೆ ಅವುಗಳದು, ಕೆಲಸ ನಮ್ಮವರದು. ಧಾರವಾಡದಲ್ಲಿ ಓದಿದ ನನ್ನ ಗಂಡ ನದಿಯಾಚೆಯ ಮ್ಯಾನ್‌ಹ್ಯಾಟನ್‌ನಲ್ಲಿ ಟೆಸ್ಟರ್ ಆಗಿದ್ದ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಅದರಲ್ಲಿ ಅವನು ಭಾರಿ ಹುಷಾರಿ ಎಂದು ಹೆಸರಿತ್ತು. ನಾವು ಜರ್ಸಿ ಸಿಟಿಯ ಒಂದು ಹಳೆ ಕಟ್ಟಡದ ಮೇಲಿನ ಮಹಡಿಯಲ್ಲಿದ್ದೆವು. ಅವನು ಬೆಳಗ್ಗೆ ಟ್ರೇನ್ ಹಿಡಿದು ಹೋದರೆ ಕತ್ತಲಾದ ಮೇಲೇ ಬರುತ್ತಿದ್ದ. ಬಾಗಲಕೋಟೆಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದ ನಾನು ಎಚ್-ಫೋರ್ ವೀಸಾದ ಹೆಂಡತಿಯಾಗಿದ್ದೆ. ಎಚ್-ಫೋರ್ ಎಂದರೆ ಈ ದೇಶದಲ್ಲಿ ಉಸಿರಾಡಬಹುದು, ದುಡಿಯುವ ಹಾಗಿಲ್ಲ. ಕಿಟಕಿಯಿಂದ ಪಾರ್ಕಿಂಗ್ ಲಾಟ್ ಕಾಣುತ್ತಿತ್ತು. ಅದರಲ್ಲಿ ಯಾವ ಕಾರು ಯಾರದು ಎಂದು ನನಗೆ ಬಾಯಿಪಾಠವಾಗಿತ್ತು. ನನ್ನ ವಿದ್ಯೆ ಅಲ್ಲಿಗೆ ಬಂದು ನಿಂತಿತ್ತು.

ಆಕೆಯ ಪರಿಚಯ ಮಾಡಿಸಿದ್ದು ವಾಸನೆ. ಒಂದು ಮಧ್ಯಾಹ್ನ ಬಟ್ಟೆ ಒಗೆದುಕೊಂಡು ಮೇಲೆ ಬರುತ್ತಿದ್ದೆ. ನಮ್ಮ ಎದುರು ಮನೆಯಿಂದ ಬೆಂದ ಶಾವಿಗೆಯ ವಾಸನೆ ಬಂತು. ದಾಲ್ಚಿನ್ನಿ, ಬೆಣ್ಣೆ, ಯಾವುದೋ ಹೂವು ಎಲ್ಲ ಸೇರಿದ್ದವು, ಆದರೆ ತಳದಲ್ಲಿದ್ದದ್ದು ಶಾವಿಗೆಯೇ. ಬುಟ್ಟಿ ಹಿಡಿದುಕೊಂಡು ಅವರ ಬಾಗಿಲ ಮುಂದೆ ಮಂಕಾಗಿ ನಿಂತುಬಿಟ್ಟೆ. ಬಾಗಿಲು ತೆರೆಯಿತು. ನನ್ನ ಅವ್ವನ ವಯಸ್ಸಿನ ಹೆಂಗಸು, ತಲೆಗೆ ಬಟ್ಟೆ ಕಟ್ಟಿದ್ದಳು, ಮೊಣಕೈವರೆಗೆ ಬೆಣ್ಣೆ. ಒಂದೂ ಮಾತು ಕೇಳದೆ ಒಳಗೆ ಕರೆದಳು.

ಆಕೆ ಮೊರಾಕ್ಕೋದ ಫೆಸ್ ಎಂಬ ಊರಿನವಳು. ಮಾಡುತ್ತಿದ್ದದ್ದು ಸೆಫ್ಫಾ. ಮದುವೆಗೆ, ಮಗುವಿನ ಹೆಸರಿಡುವುದಕ್ಕೆ, ಹಜ್ಜಿನಿಂದ ಬಂದವರಿಗೆ, ಹೀಗೆ ವಿಶೇಷ ದಿನಗಳಿಗೆ ಮಾತ್ರ ಮಾಡುವ ಸಿಹಿ. ಸಣ್ಣಗೆ ಮುರಿದ ಶಾವಿಗೆಗೆ ಎಣ್ಣೆ ಸವರಿ, ತೂತಿನ ಪಾತ್ರೆಯಲ್ಲಿ ಹಾಕಿ ಉಗಿಯಲ್ಲಿ ಬೇಯಿಸುತ್ತಾರೆ. ಬೆಂದದ್ದನ್ನು ದೊಡ್ಡ ಮಣ್ಣಿನ ತಟ್ಟೆಗೆ ಸುರಿದು, ಉಪ್ಪುನೀರು ಚಿಮುಕಿಸಿ, ಗಂಟಾಗದ ಹಾಗೆ ಬೆಣ್ಣೆ ಹಚ್ಚಿ ಉಜ್ಜುತ್ತಾರೆ. ಮತ್ತೆ ಉಗಿಗೆ, ಮತ್ತೆ ತಟ್ಟೆಗೆ. ಎಳೆಎಳೆ ಬಿಡಿಸಿಕೊಂಡು ಹಗುರಾಗುವವರೆಗೆ ಇದೇ ಕೆಲಸ. ಆಕೆ ಬಿಸಿ ಶಾವಿಗೆಯಲ್ಲಿ ಕೈಯಿಟ್ಟು, ಸುಟ್ಟುಕೊಂಡು, ಬೆರಳಿಗೆ ಊದಿಕೊಳ್ಳುತ್ತಿದ್ದಳು. ಬಸಿದ ಶಾವಿಗೆಗೆ ತುಪ್ಪ ಹಾಕಿ ಕಲಸುವಾಗ ನನ್ನ ಅವ್ವನೂ ಹೀಗೇ ಊದಿಕೊಳ್ಳುತ್ತಿದ್ದಳು. ಅಲ್ಲೇ ನಿಂತು ಅತ್ತುಬಿಟ್ಟೆ. ಆಕೆ ಬೆಣ್ಣೆ ಕೈಯಲ್ಲೇ ನನ್ನ ಗಲ್ಲ ಒರೆಸಿದಳು, ಇನ್ನಷ್ಟು ಜಿಡ್ಡಾಯಿತು, ಇಬ್ಬರೂ ನಕ್ಕೆವು.

ಆಕೆಗೆ ಬರುತ್ತಿದ್ದದ್ದು ಫ್ರೆಂಚ್ ಬೆರೆತ ಹರಕು ಇಂಗ್ಲಿಷು, ನನ್ನದು ಪಾಠದ ಇಂಗ್ಲಿಷು. ಆದರೂ ಮಾತಿಗೆ ಕೊರತೆಯಾಗಲಿಲ್ಲ. ನನ್ನನ್ನು 'ಬೆಂತಿ' ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ 'ನನ್ನ ಮಗಳೇ' ಎಂದು. ಸ್ವಂತ ಮಗಳು ಫೆಸ್‌ನಲ್ಲಿದ್ದಳು. ಇವಳ ಇಲ್ಲಿನ ಕಾಗದಪತ್ರ ಇನ್ನೂ ಪೂರ್ತಿಯಾಗಿರಲಿಲ್ಲ. ಹೋದರೆ ತಿರುಗಿ ಬರಲು ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಮಗಳ ಬಾಣಂತನಕ್ಕೂ ಹೋಗಿರಲಿಲ್ಲ. ಮೊಮ್ಮಗನ ಅಳು ಫೋನಿನಲ್ಲಿ ಕೇಳಿದ್ದಳು, ಅಷ್ಟೇ.

ನಾವು ಮಾಂಸ ತಿನ್ನುವುದಿಲ್ಲ ಎಂದು ಒಮ್ಮೆ ಹೇಳಿದ್ದೆ. ಇಲ್ಲಿ ಹೀಗೆ ಹೇಳಿದರೆ 'ಚಿಕನ್ನೂ ತಿನ್ನಲ್ವಾ, ಫಿಶ್ಶೂ ತಿನ್ನಲ್ವಾ' ಎಂದು ಪ್ರಾಣ ತಿನ್ನುತ್ತಾರೆ. ಆಕೆ ಕಾರಣ ಕೇಳಲಿಲ್ಲ. ಸೆಫ್ಫಾದಲ್ಲಿ ಇನ್ನೊಂದು ಬಗೆಯಿದೆ, ಗುಡ್ಡದ ಒಳಗೆ ಬೇಯಿಸಿದ ಕೋಳಿ ಅಡಗಿಸಿ ಮೇಲೆ ಶಾವಿಗೆ ಮುಚ್ಚುತ್ತೇವೆ, ಅದನ್ನು ನಿನಗೆ ಎಂದೂ ಕೊಡುವುದಿಲ್ಲ ಎಂದಳು. ಮರುವಾರ ಹೋದಾಗ ಒಲೆಯ ಮೇಲೆ ಹೊಸ ಉಗಿ ಪಾತ್ರೆಯಿತ್ತು. ಇದರಲ್ಲಿ ಮಾಂಸ ಬಿದ್ದಿಲ್ಲ, ಬೀಳುವುದೂ ಇಲ್ಲ, ಇದು ನಿನ್ನದು ಎಂದಳು. ನಾನು ಕೇಳಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಅಷ್ಟರಲ್ಲಿ ನಾನು ಬಸುರಿಯಾದೆ. ನಮ್ಮ ಕಡೆ ಏಳನೇ ತಿಂಗಳಲ್ಲಿ ಕುಬಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ. ಇವನ್ನೆಲ್ಲ ಯಾರು ಬೇಕಾದರೂ ಮಾಡಬಹುದು. ಬುತ್ತಿ ಮಾತ್ರ ತವರಿನಿಂದಲೇ ಬರಬೇಕು. ತಾಯಿ ಸಿಹಿ ಮಾಡಿ ತಂದು, ಮುಚ್ಚಿಟ್ಟು, ಮಗಳ ಎದುರಿಗೇ ಬಿಚ್ಚಿ, ಮೊದಲ ತುತ್ತು ತಾನೇ ಉಣಿಸಬೇಕು. ಅದಕ್ಕೂ ಮುಂಚೆ ಬೇರೆ ಯಾರೂ ಕೈ ಹಚ್ಚಬಾರದು. ಬಸುರಿನ ಹೆದರಿಕೆಯನ್ನು ಆ ತುತ್ತು ನುಂಗಿಹಾಕುತ್ತದೆ ಎಂದು ನಮ್ಮ ಮನೆಯ ಹೆಂಗಸರು ನಂಬಿದ್ದರು. ನಾನೂ ನಂಬಿದ್ದೆ. ಕೆಮಿಸ್ಟ್ರಿ ಓದಿದವಳು ಇದನ್ನೆಲ್ಲ ನಂಬುತ್ತೀಯಾ ಎಂದು ಗಂಡ ಕೆಣಕುತ್ತಿದ್ದ. ಹೆರಿಗೆ ನಿನಗಿದ್ದಿದ್ದರೆ ನೀನೂ ನಂಬುತ್ತಿದ್ದೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಅವ್ವ ವೀಸಾ ಕೇಳಲು ಚೆನ್ನೈವರೆಗೆ ಹೋಗಿ ಬಂದಳು. ಸಿಗಲಿಲ್ಲ. ಫೋನ್ ಮಾಡಿದಾಗ ತನ್ನ ದುಃಖ ನುಂಗಿಕೊಂಡು ನನಗೇ ಸಮಾಧಾನ ಹೇಳಿದಳು.

"ನಂಗ ಬರಾಕ ಆಗಂಗಿಲ್ಲವ್ವ. ಅಲ್ಲೇ ಯಾರರೆ ತಾಯಿ ಅಂಥಾಕಿನ್ನ ನೋಡ್ಕೊ. ಆಕಿ ಕೈಲೇ ಉಣ್ಣು. ಬುತ್ತಿ ಇಲ್ಲದ ಕುಬಸ ಮಾತ್ರ ಮಾಡ್ಕೋಬ್ಯಾಡ."

ಹುಡುಕುವುದೇನಿತ್ತು? ಎದುರು ಬಾಗಿಲು ತಟ್ಟಿದೆ. ಬುತ್ತಿ ಎಂದರೇನು, ಯಾರು ಬಿಚ್ಚಬೇಕು, ಯಾರು ಮುಟ್ಟಬಾರದು ಎಲ್ಲ ವಿವರಿಸಿದೆ. ಆಕೆ ಪಾಠ ಕೇಳುವ ಹುಡುಗಿಯ ಹಾಗೆ ಕೇಳಿದಳು. ಎರಡು ಮೂರು ಪ್ರಶ್ನೆ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ, ಅಂದು ಸೆಫ್ಫಾ ಮಾಡುತ್ತೇನೆ, ನನ್ನ ಕೈಯಿಂದ ನಿನಗೆ ಉಣಿಸುತ್ತೇನೆ, ನನ್ನ ಮಗಳಿಗಂತೂ ಆಗಲಿಲ್ಲ ಎಂದಳು. ನನಗೆ ಅಮೆರಿಕದಲ್ಲಿ ಒಂದು ತವರು ಸಿಕ್ಕಿತು ಎನ್ನಿಸಿತು. ಆ ದಿನಗಳಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ. ಆ ಒಂದು ತುತ್ತು.

ಕುಬಸ ಒಂದು ಶನಿವಾರ. ಗಂಡನ ಆಫೀಸಿನ ಕನ್ನಡದವರ ಹೆಂಡತಿಯರು ಬಂದರು. ಎಲ್ಲರಿಗಿಂತ ಮುಖ್ಯ ಎನ್ನುವ ಹಾಗೆ ಜೆರಿಕೋ ಎಂಬ ಸಿರಿವಂತರ ಊರಿನಿಂದ ಆಂಟಿಯೊಬ್ಬರು ಬಂದರು. ಅವರ ಗಂಡ ಡಾಕ್ಟರು. ಇಲ್ಲಿಗೆ ಬಂದು ಬಹಳ ವರ್ಷವಾಗಿತ್ತು. ಹೊಸದಾಗಿ ಬಂದ ನಮ್ಮಂಥವರಿಗೆ ಯಾವ ಹಬ್ಬ ಹೇಗೆ ಮಾಡಬೇಕು, ಯಾವ ಅಂಗಡಿಯಲ್ಲಿ ಬೇಳೆ ತರಬೇಕು ಎಂದು ಹೇಳಿಕೊಡುತ್ತಿದ್ದವರೇ ಅವರು. ಮೈಸೂರು ಕಡೆಯವರು, ಕುಬಸವನ್ನು ಸೀಮಂತ ಎಂದೇ ಕರೆಯುತ್ತಿದ್ದರು. ಕೆಟ್ಟವರಲ್ಲ. ನನಗೆ ಹಸಿರು ಸೀರೆ ತಂದಿದ್ದವರೂ ಅವರೇ. ಹಾಗೆ ಬರೆಯದಿದ್ದರೆ ಅನ್ಯಾಯವಾಗುತ್ತದೆ, ಬರೆದರೆ ಹೊಟ್ಟೆ ಉರಿಯುತ್ತದೆ.

ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಉಡಿ ತುಂಬಿದರು. ಮಡಿಲ ತುಂಬ ಅಕ್ಕಿ, ತೆಂಗಿನಕಾಯಿ. ಸೆರಗು ಹಿಡಿದುಕೊಂಡು ಕೂತಿದ್ದೆ, ಏಳುವ ಹಾಗಿರಲಿಲ್ಲ. ಆಗ ಆಕೆ ಸೆಫ್ಫಾ ತಂದಳು. ದೊಡ್ಡ ಮಣ್ಣಿನ ತಟ್ಟೆಯ ಮೇಲೆ ಬೆಳ್ಳಗಿನ ಗುಡ್ಡ, ನುಣ್ಣಗೆ, ಒಂದು ಎಳೆಯೂ ಆಚೀಚೆ ಇಲ್ಲ. ತುದಿಯಿಂದ ಬುಡದವರೆಗೆ ದಾಲ್ಚಿನ್ನಿ ಪುಡಿಯ ಗೆರೆಗಳು, ನಡುನಡುವೆ ಸಕ್ಕರೆ ಪುಡಿ, ಸುತ್ತ ಹುರಿದ ಬಾದಾಮಿ. ಮನೆಯಲ್ಲಿದ್ದವರೆಲ್ಲ ಹತ್ತಿರ ಬಂದು ನೋಡಿದರು. ಆಕೆ ನನ್ನ ಕಡೆ ನೋಡಿ ನಕ್ಕು, ಕಸೂತಿಯ ಬಟ್ಟೆ ಮುಚ್ಚಿದಳು. ಬೆಳಗಿನಿಂದ ಒಲೆಯ ಮುಂದಿದ್ದ ಬಟ್ಟೆಯಲ್ಲೇ ಬಂದಿದ್ದಳು. ಸೆಫ್ಫಾದ ಜೊತೆ ಕುಡಿಯಲು ಹಾಲು ತರುತ್ತೇನೆ, ಒಳ್ಳೆ ಬಟ್ಟೆ ಉಟ್ಟು ಬರುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿ ಹೋದಳು.

ಬಾಗಿಲು ಮುಚ್ಚಿದ್ದೇ ತಡ, ಆಂಟಿ ಮೇಜಿನ ಹತ್ತಿರ ಬಂದರು.

"ನೋಡಮ್ಮ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಇದನ್ನ ನಮ್ಮನೆಯವರ ಹಾಸ್ಪಿಟಲ್ ಪಾರ್ಟೀಲಿ ನೋಡಿದೀನಿ. ಮೇಲ್ಗಡೆ ಹೀಗೇ ಸ್ವೀಟ್ ಥರ ಇರತ್ತೆ. ಒಳಗಡೆ ಚಿಕನ್ ಹೂತಿಟ್ಟಿರ್ತಾರೆ."

"ಇದರಾಗ ಇಲ್ಲರಿ ಆಂಟಿ. ಅದು ಬ್ಯಾರೆ ಥರದ್ದು. ನಮ್ಮ ಸಲುವಾಗಿ ಪಾತ್ರೀನೂ ಬ್ಯಾರೆ ಇಟ್ಟಾಳ ಆಕಿ" ಎಂದೆ.

"ನಿನಗೆ ಹೇಗೆ ಗೊತ್ತಾಗತ್ತೆ? ಅವರಿಗೆ ಚಿಕನ್ ಅಂದ್ರೆ ವೆಜಿಟೇರಿಯನ್ನೇ. ಗೊತ್ತಿಲ್ದೆ ಮಾಡಿರ್ತಾರೆ, ಪಾಪ."

ಉಳಿದವರು ಮುಖ ಮುಖ ನೋಡಿಕೊಂಡರು. ಒಬ್ಬಾಕೆ ತನ್ನ ಮಗಳನ್ನು ಮೇಜಿನಿಂದ ದೂರ ಎಳೆದುಕೊಂಡಳು. ಆ 'ಅವರು' ಎಂಬುದರಲ್ಲಿ ಏನೇನು ತುಂಬಿತ್ತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾರೂ ಬಿಡಿಸಿ ಹೇಳಲಿಲ್ಲ. ನನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಉಡಿ ಹಿಡಿದುಕೊಂಡು ಕೂತ ಬಸುರಿಗೆ ಏನು ತಿಳಿಯುತ್ತದೆ?

ಅಡುಗೆಮನೆಯಿಂದ ನನ್ನ ಗಂಡ ಬಂದ. ವಿಷಯ ಕೇಳಿ ಮುಖ ಅರಳಿತು. ಅವನಿಗೆ ಇಂಥದ್ದು ಬಲು ಇಷ್ಟ. ಒಬ್ಬರು ತಪ್ಪಿದೆ ಎನ್ನಬೇಕು, ಒಬ್ಬರು ಇಲ್ಲ ಎನ್ನಬೇಕು, ಇವನು ನಡುವೆ ನಿಂತು ಪರೀಕ್ಷೆ ಮಾಡಿ ತೋರಿಸಬೇಕು.

"ಆರ್ಗ್ಯುಮೆಂಟ್ ಯಾಕರಿ? ಟೆಸ್ಟ್ ಮಾಡಿ ನೋಡಿದ್ರ ಆತು. ಮ್ಯಾಲಿಂದೊಂದು, ನಡುವಿಂದೊಂದು, ತಳದಿಂದೊಂದು ಸ್ಯಾಂಪಲ್ ತಗದ್ರ ಮುಗೀತು" ಎಂದ.

"ಬ್ಯಾಡ್ರಿ. ಅದನ್ನ ಆಕೀನ ಬಿಚ್ಚಬೇಕು" ಎಂದೆ.

"ಒಂದ ನಿಮಿಷ."

"ಕೈ ಹಚ್ಚಬ್ಯಾಡ್ರಿ ಅಂದೆ."

"ನಿನ್ನ ಫ್ರೆಂಡ್ ಸಲುವಾಗೇ ಮಾಡಾಕತ್ತೀನಿ" ಎಂದು ಬಟ್ಟೆ ತೆಗೆದ. ಸೌಟನ್ನು ಗುಡ್ಡದ ತುದಿಗೆ ಇಳಿಸಿದ. ದಾಲ್ಚಿನ್ನಿಯ ಗೆರೆಗಳು ಕುಸಿದವು. ನಡುವಿನಿಂದ ಅಗೆದು ಬದಿಗೆ ಹಾಕಿದ. ಬುಡಕ್ಕೆ ಕೈ ಇಳಿಸಿ, ಸಾರಿನಲ್ಲಿ ಬೇಳೆ ಹುಡುಕುವವನ ಹಾಗೆ ಕೆದಕಿದ. ಆಂಟಿ ಬಗ್ಗಿ ನೋಡಿದರು. ಇನ್ನಿಬ್ಬರು ಬಂದು ಬಗ್ಗಿದರು. ಏಳಬೇಕೆಂದು ಮೈ ಮುಂದೆ ಬಾಗಿಸಿದೆ. ಪಕ್ಕದಲ್ಲಿದ್ದವಳು ಭುಜ ಒತ್ತಿ ಹಿಡಿದು, ಉಡಿ ಚೆಲ್ಲಿದರೆ ಅಪಶಕುನ ಎಂದಳು. ನನ್ನ ಬುತ್ತಿಯನ್ನು ನನ್ನ ಕಣ್ಣೆದುರಿಗೇ ಕೆದಕುತ್ತಿದ್ದರು, ಅದು ಅಪಶಕುನವಾಗಿರಲಿಲ್ಲ.

"ನೋಡ್ರಿ. ಬರೇ ಶಾವಗಿ, ಒಣದ್ರಾಕ್ಷಿ. ಹಂಡ್ರೆಡ್ ಪರ್ಸೆಂಟ್ ವೆಜ್" ಎಂದು ಗಂಡ ಸೌಟು ಎತ್ತಿ ತೋರಿಸಿದ. ಗೆದ್ದವನ ನಗೆ ಅವನ ಮುಖದ ಮೇಲಿತ್ತು. ಆಂಟಿ ನಿಧಾನಕ್ಕೆ ನೆಟ್ಟಗಾಗಿ, "ಅದು ಸರಿ. ಆದ್ರೂ ಪಾತ್ರೆ ಹೇಗಿರತ್ತೋ ಏನೋ. ನಾನಂತೂ ಶನಿವಾರ ಹೊರಗಡೇದು ತಿನ್ನಲ್ಲ" ಎಂದರು. ಉಳಿದವರಿಗೂ ಒಂದೊಂದು ನೆವ ಸಿಕ್ಕಿತು. ಒಬ್ಬಳಿಗೆ ಶುಗರ್, ಇನ್ನೊಬ್ಬಳಿಗೆ ಹೊಟ್ಟೆ ತುಂಬಿತ್ತು. ಅಷ್ಟೆಲ್ಲ ಅಗೆದು ಸಾಧಿಸಿದ್ದು ಇದು. ಆ ಗಳಿಗೆಯಲ್ಲಿ ನನ್ನ ಗಂಡನನ್ನು ಕಂಡರೆ ನನಗೆ ಹೇಸಿಗೆಯಾಯಿತು.

ಆಗ ಆಕೆ ಬಂದಳು. ನೀಲಿ ರೇಷ್ಮೆಯ ಉದ್ದ ನಿಲುವಂಗಿ, ಅಂಚಿಗೆಲ್ಲ ಜರಿ, ಕಣ್ಣಿಗೆ ಕಾಡಿಗೆ. ಎರಡೂ ಕೈಯಲ್ಲಿ ಹಾಲಿನ ಹೂಜಿ. ಬಾಗಿಲಲ್ಲೇ ನಿಂತು ಮೇಜಿನ ಕಡೆ ನೋಡಿದಳು. ಗಂಡ ಮುಂದೆ ಹೋಗಿ ಇಂಗ್ಲಿಷಿನಲ್ಲಿ, ಏನೂ ತೊಂದರೆಯಿಲ್ಲ, ನಾವು ಚೆಕ್ ಮಾಡಿದ್ದೇವೆ, ಎಲ್ಲ ಓಕೆ ಎಂದ. ಅವನ ದನಿಯಲ್ಲಿ ನಿಜವಾಗಿಯೂ ಪ್ರೀತಿಯಿತ್ತು.

"ಓಕೆ" ಎಂದಳು ಆಕೆ. ಹೂಜಿಯನ್ನು ಚೆಲ್ಲದ ಹಾಗೆ ಮೇಜಿನ ಮೇಲಿಟ್ಟಳು.

ನಾನು ಅವಳನ್ನು ಹತ್ತಿರ ಕರೆದು, ಬಾ, ಉಣಿಸು, ನನಗೆ ಪರವಾಗಿಲ್ಲ ಎಂದೆ. ಆಕೆ ನನ್ನ ತಲೆಯ ಮೇಲೆ ಕೈಯಿಟ್ಟಳು.

"ನೀನೇ ಹೇಳಿದ್ದೆಯಲ್ಲ, ತಾಯಿ ಬಿಚ್ಚುವ ಮುಂಚೆ ಯಾರೂ ಮುಟ್ಟಬಾರದು ಎಂದು. ಇವರು ಮುಟ್ಟಿದ್ದಾರೆ. ಇನ್ನು ಇದು ಬುತ್ತಿಯಲ್ಲ."

"ನನಗೆ ನಿಜವಾಗಿಯೂ ಪರವಾಗಿಲ್ಲ."

"ನಿನಗೆ ಪರವಾಗಿಲ್ಲದಿರಬಹುದು. ಮಾಡಿದವಳು ನಾನು."

ಸಿಟ್ಟು ಮಾಡಿಕೊಂಡು ಹೋಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಕೆ ಹೋಗಲಿಲ್ಲ. ಅಷ್ಟು ಚೆಂದ ಉಟ್ಟುಕೊಂಡು, ಗೋಡೆಯ ಪಕ್ಕ ನಿಂತು, ಹಾಡು ಮುಗಿಯುವವರೆಗೆ ಇದ್ದಳು, ಆರತಿಗೆ ಎಲ್ಲರೊಂದಿಗೆ ಕೈಮುಗಿದಳು. ಮೊದಲ ತುತ್ತು ಉಣಿಸಲು ಆಂಟಿ ಬಂದರು, ಅಂಗಡಿಯಿಂದ ತಂದ ಪೇಡೆ ಹಿಡಿದುಕೊಂಡು. ನಾನು ಬಾಯಿ ತೆರೆಯಲಿಲ್ಲ. "ನಾಚಿಕೆ ನೋಡಿ ಹುಡುಗಿಗೆ" ಎಂದು ನಕ್ಕರು. ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಕೊನೆಗೆ ಪೇಡೆಯನ್ನು ತುಟಿಗೆ ತಾಗಿಸಿ ಶಾಸ್ತ್ರ ಮುಗಿಸಿದರು. ಎಲ್ಲರೂ ಹೊರಟ ಮೇಲೆ ಆಕೆ ಕೆದಕಿದ ತಟ್ಟೆಯ ಮೇಲೆ ಅದೇ ಕಸೂತಿ ಬಟ್ಟೆ ಹೊದಿಸಿ ಎತ್ತಿಕೊಂಡು ಹೋದಳು. ಬಾಗಿಲು ನಾನೇ ತೆರೆದೆ, ಅವಳ ಎರಡೂ ಕೈ ತುಂಬಿದ್ದವು.

"ಪ್ರೂವ್ ಆತಲ್ಲ? ಮತ್ತ ಯಾಕ ಮಾರಿ ಊದಿಸ್ಕೊಂಡಿ?" ಎಂದು ಗಂಡ ಕೇಳಿದ. ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ. ಈಗಲೂ ತಿಳಿದಿಲ್ಲ. ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಮರುದಿನ ಅವ್ವನಿಗೆ ಫೋನ್ ಮಾಡಿದೆ. ಫೋನ್ ಕಾರ್ಡಿನ ನಂಬರು ಒತ್ತುವಾಗಲೂ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಅವ್ವನ ಮೊದಲ ಪ್ರಶ್ನೆಯೇ ಅದು.

"ಯಾರು ಉಣಿಸಿದ್ರವ್ವ?"

"ಎದುರು ಮನಿಯಾಕಿ ಉಣಿಸಿದಳವ್ವ. ಶಾವಗಿ ಮಾಡಿದ್ಲು. ನಿನ್ನ ಹಂಗ ಉಣಿಸಿದ್ಲು."

ಅವ್ವ ಮೂಗೊರೆಸಿಕೊಂಡದ್ದು ಕೇಳಿಸಿತು. ಅಳುತ್ತಿದ್ದಾಳೆ ಎಂದು ಗೊತ್ತಾಯಿತು. ಆಮೇಲೆ, "ಆಕಿ ನಂಗ ತಂಗಿ ಆದ್ಲು ಬಿಡು" ಎಂದಳು. ನನಗೆ ಆ ಸುಳ್ಳು ಹೇಳಿದ್ದಕ್ಕೆ ಬೇಸರವಿಲ್ಲ. ಹೇಳಬೇಕಾಗಿ ಬಂದದ್ದಕ್ಕೆ ಇದೆ.

ಎದುರು ಬಾಗಿಲು ನನಗೆ ಮುಚ್ಚಲಿಲ್ಲ. ತಟ್ಟಿದರೆ ತೆರೆಯುತ್ತಿದ್ದಳು, ಚಹಾ ಕೊಡುತ್ತಿದ್ದಳು, ಡಾಕ್ಟರು ಏನೆಂದರು ಎಂದು ಕೇಳುತ್ತಿದ್ದಳು. ಆದರೆ ಅವಳಾಗಿ ನಮ್ಮ ಬಾಗಿಲು ತಟ್ಟುವುದು ನಿಂತಿತು. ಬೆಂತಿ ಎನ್ನುವುದೂ ನಿಂತಿತು. ಲಿಫ್ಟಿನಲ್ಲಿ ಸಿಕ್ಕ ನನ್ನ ಗಂಡನಿಗೆ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ನಮಸ್ಕಾರ ಹೇಳುತ್ತಿದ್ದಳಂತೆ. "ನೋಡು, ಆಕಿ ಎಲ್ಲಾ ಮರ್ತಾಳ, ನೀನ ಹಿಡ್ಕೊಂಡು ಕುಂತಿ" ಎಂದು ಅವನು ನನಗೆ ಬುದ್ಧಿ ಹೇಳಿದ.

ಮಗಳು ಹುಟ್ಟಿದಳು. ನೋವಿನ ಹೊತ್ತಿನಲ್ಲಿ ನನಗೆ ವಿಪರೀತ ಹೆದರಿಕೆಯಾಯಿತು, ಕೂಗಾಡಿದೆ. ಅದಕ್ಕೂ ತುತ್ತಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಆಗ ಅದೇ ನೆನಪಾಗುತ್ತಿತ್ತು.

ಕೂಸಿಗೆ ಮೂರು ತಿಂಗಳಾಗುವ ಹೊತ್ತಿಗೆ, ಊರಿನಿಂದ ಬಂದವರ ಕೈಯಲ್ಲಿ ಅವ್ವ ಒಂದು ಇಳಕಲ್ ಸೀರೆ ಕಳಿಸಿದಳು. ನನಗಲ್ಲ. ಉಣಿಸಿದಾಕೆಗೆ ಉಡಿಸಬೇಕಾದದ್ದು ತವರಿನ ಪದ್ಧತಿ, ತನ್ನ ಬದಲು ನಿಂತ ತಂಗಿಗೆ ತಾನು ಕೊಡಬೇಕಾದ ಸೀರೆ ಎಂದು ಹೇಳಿ ಕಳಿಸಿದ್ದಳು. ಕಡುನೀಲಿ ಒಡಲು, ಕೆಂಪು ಸೆರಗು. ತಾನು ಉಡುವುದಕ್ಕೂ ಅಷ್ಟು ಒಳ್ಳೆಯದನ್ನು ಅವ್ವ ಎಂದೂ ತೆಗೆದುಕೊಂಡವಳಲ್ಲ.

ಒಂದು ತೋಳಿನಲ್ಲಿ ಕೂಸು, ಇನ್ನೊಂದರಲ್ಲಿ ಸೀರೆ ಹಿಡಿದುಕೊಂಡು ಎದುರು ಬಾಗಿಲು ತಟ್ಟಿದೆ. ಆಕೆ ಕೂಸನ್ನು ಎತ್ತಿಕೊಂಡು ಹಣೆಗೆ ಮುತ್ತಿಟ್ಟಳು. ನಾನು ಸೀರೆ ಬಿಚ್ಚಿ ತೋರಿಸಿದೆ. ಸೆರಗಿನ ಮೇಲೆ ಬೆರಳಾಡಿಸಿದಳು. ಬಹಳ ಚೆಂದ ಇದೆ, ಯಾರಿಗೆ ಎಂದಳು.

"ನಿನಗೆ. ನನ್ನ ತಾಯಿ ಕಳಿಸಿದ್ದಾರೆ. ನನಗೆ ಉಣಿಸಿದವರಿಗೆ ಕೊಡುವುದು."

ಆಕೆ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಆದರೆ ನಾನು ನಿನಗೆ ಉಣಿಸಲಿಲ್ಲವಲ್ಲ" ಎಂದಳು.

ಒಂದು ಕೈಯಲ್ಲಿ ಕೂಸಿದ್ದರೂ ಇನ್ನೊಂದು ಕೈಯಿಂದಲೇ ಸೀರೆಯನ್ನು ಮಡಿಕೆ ತಪ್ಪದ ಹಾಗೆ ಮಡಚಿದಳು. ನನ್ನ ತೋಳಿನ ಮೇಲಿಟ್ಟಳು. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು, ಉಣಿಸಿದವರು ಯಾರೋ ಅವರಿಗೆ ಕೊಡು, ಬೇರೆಯವರದ್ದನ್ನು ನಾನು ಹೇಗೆ ಉಡಲಿ ಎಂದಳು. ಕೂಸನ್ನು ಕೊಟ್ಟು, ಅದು ನಿದ್ದೆಯಲ್ಲಿದೆ ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡಳು.

ಆ ವಾರ ಅವ್ವನಿಗೆ ಫೋನ್ ಮಾಡಿದೆ. ಆಕೆಗೆ ಸೀರೆ ಹಿಡಿಸಿತೇ ಎಂದು ಕೇಳಿದಳು.

"ಭಾಳ ಹಿಡಿಸಿತವ್ವ" ಎಂದೆ.

"ಉಟ್ಲೇನು?"

"ಉಟ್ಲು."

"ಹೆಂಗ ಕಾಣಿಸ್ತಿತ್ತು ಆಕಿ ಮ್ಯಾಲೆ?"

ಸೀರೆ ನನ್ನ ತೊಡೆಯ ಮೇಲೆಯೇ ಇತ್ತು. ನಾನು ಅದರ ಸೆರಗು, ಅಂಚು, ನೆರಿಗೆ ಆಕೆಯ ಮೈಮೇಲೆ ಹೇಗೆ ಕಂಡವು ಎಂದು ಕಾರ್ಡಿನ ನಿಮಿಷ ಮುಗಿಯುವವರೆಗೆ ಅವ್ವನಿಗೆ ಹೇಳುತ್ತ ಹೋದೆ.